ಉಗ್ರಾಣದ ಬೀಗದ ಕೈ

ಪ್ರಶ್ನೆ: ನನಗೀಗ 38 ವರ್ಷ. ಹುಟ್ಟಿದ್ದು ಹೊಳಲ್ಕೆರೆ ಹತ್ತಿರದ ಹಳ್ಳಿ, ಕೊಟ್ಟಿದ್ದು ದಾವಣಗೆರೆಗೆ. ಮಂಡಿಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ದೇವರು ಪ್ರತಿಯೊಬ್ಬರಿಗೂ ಒಂದಲ್ಲ ಒಂದು ಪ್ರತಿಭೆ ಕೊಟ್ಟೇ ಕಳಿಸಿರುತ್ತಾನೆ ಅಂತ ಮೊನ್ನೆ ಪ್ರವಚನದಲ್ಲಿ ಕೇಳಿದೆ. ಮನೆಗೆ ಬಂದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಅಕ್ಕ ಚೆನ್ನಾಗಿ ಹಾಡುತ್ತಾಳೆ, ದೇವಸ್ಥಾನದ ಭಜನೆಗೆ ಅವಳೇ ಮುಂದು. ತಮ್ಮ ಕಬಡ್ಡಿಯಲ್ಲಿ ಜಿಲ್ಲಾಮಟ್ಟಕ್ಕೆ ಹೋಗಿದ್ದ. ನನಗೆ ಮಾತ್ರ ಏನೂ ಬರುವುದಿಲ್ಲ. ಆರು ತಿಂಗಳು ಸಂಗೀತದ ಪಾಠಕ್ಕೆ ಹೋದೆ, ಶ್ರುತಿ ಕೂಡಲೇ ಇಲ್ಲ, ಬಿಟ್ಟೆ. ನನ್ನದು ಮನೆ, ಅಂಗಡಿ ಇಷ್ಟೇ. ನಂಟರಲ್ಲಿ ಮದುವೆ, ಗೃಹಪ್ರವೇಶ ಇದ್ದರೆ ಉಗ್ರಾಣದ ಬೀಗದ ಕೈ ನನ್ನ ಕೈಗೆ ಕೊಟ್ಟುಬಿಡುತ್ತಾರೆ. ಎಲ್ಲರೂ ಫೋಟೋಕ್ಕೆ ನಿಂತಾಗ ನಾನು ಒಳಗೆ ಬೇಳೆ ಬೆಲ್ಲ ಅಳೆಯುತ್ತಿರುತ್ತೇನೆ. ಮುಂದಿನ ತಿಂಗಳು ಚಿಕ್ಕಪ್ಪನ ಮಗನ ಮದುವೆಯಲ್ಲೂ ಅದೇ ಪಾಡು. ದೇವರು ನನ್ನನ್ನು ಮರೆತನೇ? ಏನಾದರೂ ಕೊಟ್ಟಿದ್ದರೂ ಈ ವಯಸ್ಸಿನಲ್ಲಿ ಗೊತ್ತಾಗಿ ಏನು ಪ್ರಯೋಜನ? ಒಂಬತ್ತು ವರ್ಷದ ಮಗಳಿದ್ದಾಳೆ. ಅವಳಿಗೆ ನನ್ನ ಗತಿ ಬರಬಾರದೆಂದು ಭರತನಾಟ್ಯ, ಕೀಬೋರ್ಡ್, ಅಬ್ಯಾಕಸ್ ಮೂರಕ್ಕೂ ಹಾಕಿದ್ದೇನೆ. ಮಾಡಿದ್ದು ಸರಿಯೇ?

ಉತ್ತರ: ಉಗ್ರಾಣದ ಬೀಗದ ಕೈಯನ್ನು ಯಾರೂ ಸಿಕ್ಕಸಿಕ್ಕವರಿಗೆ ಕೊಡುವುದಿಲ್ಲ, ತಂಗಿ.

ನಮ್ಮ ಕಡೆಯ ಮದುವೆ ಮನೆಗಳನ್ನು ನೀವೇ ನೆನಪಿಸಿಕೊಳ್ಳಿ. ಹಸೆಗೆ ಹಾಡುವವರು ನಾಲ್ಕು ಜನ ಸಿಗುತ್ತಾರೆ, ಓಡಾಡುವ ಹುಡುಗರು ಇಪ್ಪತ್ತು ಜನ. ಉಗ್ರಾಣ ಎಂದ ಕೂಡಲೇ ಮನೆಯ ಹಿರಿಯರು ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ಒಂದೇ ಹೆಸರು ಹೇಳುತ್ತಾರೆ. ಅಲ್ಲಿ ಎಡವಿದರೆ ಮನೆತನದ ಮರ್ಯಾದೆ ಎಲೆಯ ಮುಂದೆ ಹೋಗುತ್ತದೆ ಎಂದು ಅವರಿಗೆ ಗೊತ್ತು. ನೂರು ಎಲೆಗೆ ಹತ್ತು ಕೆಜಿ ಅಕ್ಕಿ ಎನ್ನುವುದು ಅಡುಗೆಯವರ ಬಾಯಿಲೆಕ್ಕ. ಅಷ್ಟು ಗುಣಾಕಾರ ಯಾರಿಗೂ ಬರುತ್ತದೆ. ಆದರೆ ಹನ್ನೆರಡಕ್ಕೆ ಏಳಬೇಕಾದ ಮೊದಲ ಪಂಕ್ತಿ ಎರಡಕ್ಕೆ ಕೂತರೆ ಜನ ಎಷ್ಟು ಹಸಿದಿರುತ್ತಾರೆ? ಹೋಳಿಗೆ ಇರುವ ದಿನ ಅನ್ನ ಎಷ್ಟು ಕಡಿಮೆ ಹೋಗುತ್ತದೆ? ಎರಡು ಬಸ್ಸು ಎಂದ ಬೀಗರು ಮೂರು ಬಸ್ಸಿನಲ್ಲಿ ಇಳಿದರೆ ಯಾವುದಕ್ಕೆ ನೀರು ಹೊಯ್ಯಬಹುದು, ಯಾವುದನ್ನು ಮುಟ್ಟಲೇಬಾರದು? ಒಲೆಯ ಕಡೆಯಿಂದ ‘ಇನ್ನೆರಡು ಕೆಜಿ ತುಪ್ಪ’ ಎಂಬ ಕೂಗು ಬಂದರೆ ಅದು ಪಾತ್ರೆಗೋ, ಯಾರದೋ ಚೀಲಕ್ಕೋ? ಇದಿಷ್ಟನ್ನೂ ತಲೆಯಲ್ಲಿ ಇಟ್ಟುಕೊಂಡು, ಯಾರ ಮೇಲೂ ರೇಗದೆ, ಕೊನೆಯ ಪಂಕ್ತಿಯ ಮುದುಕನಿಗೂ ಪಾಯಸ ಉಳಿಯುವ ಹಾಗೆ ನೋಡಿಕೊಳ್ಳುವುದು ಅಂದಾಜಿನ ಶಕ್ತಿ. ಮನುಷ್ಯರನ್ನು ಓದುವ ಶಕ್ತಿಯೂ ಅದರಲ್ಲಿದೆ, ಸಮಾಧಾನವೂ ಇದೆ. ನಾನು ಚಿತ್ರದುರ್ಗದ ಪ್ರೌಢಶಾಲೆಯೊಂದರಲ್ಲಿ 31 ವರ್ಷ ಪಾಠ ಹೇಳಿದೆ, ನಿವೃತ್ತಿಯಾದ ಮೇಲೆ ‘ನಾನು ಯಾವುದಕ್ಕೆ ಲಾಯಕ್ಕು’ ಎಂದು ಕೇಳಿಕೊಂಡು ಬರುವವರ ಜೊತೆ ಕೂರುತ್ತಿದ್ದೇನೆ. ಈ ಮೂರೂ ಒಬ್ಬರಲ್ಲೇ ಕೂಡಿ ಬಂದದ್ದನ್ನು ನೋಡಿದ್ದು ಬಹಳ ಕಡಿಮೆ.

ನೀವು ಅದನ್ನು ‘ಪಾಡು’ ಎಂದು ಬರೆದಿದ್ದೀರಿ. ನನಗೆ ಬೇಸರವಾಯಿತು. ತಪ್ಪು ನಿಮ್ಮದಲ್ಲ. ಪ್ರತಿಭೆ ಎಂದರೆ ಮೈಕಿನ ಮುಂದೆ ನಿಂತದ್ದು, ಚಪ್ಪಾಳೆ ಬಿದ್ದದ್ದು, ಪದಕ ತಂದದ್ದು ಎಂದು ನಾವೆಲ್ಲ ಸೇರಿ ಮಕ್ಕಳಿಗೆ ಕಲಿಸಿಬಿಟ್ಟಿದ್ದೇವೆ. ಶಾಲೆಯ ‘ಪ್ರತಿಭಾ ಕಾರಂಜಿ’ ಒಳ್ಳೆಯ ಕಾರ್ಯಕ್ರಮ, ಎಷ್ಟೋ ಹಳ್ಳಿ ಮಕ್ಕಳಿಗೆ ಮೊದಲ ವೇದಿಕೆ ಅದೇ. ಆದರೆ ಅದರ ಪಟ್ಟಿಯಲ್ಲಿ ಇಲ್ಲದ್ದು ಪ್ರತಿಭೆಯೇ ಅಲ್ಲ ಎಂಬ ಭಾವನೆ ಅದರ ಬೆನ್ನಿಗೇ ಬೆಳೆಯಿತು. ನಿಮ್ಮ ಊರಿನ ಮಂಡಕ್ಕಿ ಭಟ್ಟಿಗೆ ಒಂದು ದಿನ ಹೋಗಿ ನಿಲ್ಲಿ. ಕಾದ ಮರಳಿಗೆ ಅಕ್ಕಿ ಬಿದ್ದ ಮೇಲೆ ಅರಳುವುದಕ್ಕೂ ಸೀಯುವುದಕ್ಕೂ ನಡುವೆ ಇರುವುದು ಒಂದು ಕ್ಷಣ. ಆ ಕ್ಷಣ ಅಲ್ಲಿ ನಿಂತವರ ಕೈಗೆ ಗೊತ್ತು. ಮೊಳಕಾಲ್ಮೂರಿನಲ್ಲಿ ಕುಣಿಮಗ್ಗದ ಮುಂದೆ ಕೂತವರು ರೇಷ್ಮೆಯ ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಹಿಡಿದು ಎಳೆ ತಪ್ಪದೆ ಕೂಡಿಸುತ್ತಾ ಹೋಗುತ್ತಾರೆ. ಸೀರೆ ಉಟ್ಟವರಿಗೆ ಹೊಗಳಿಕೆ ಸಿಗುತ್ತದೆ, ನೇಯ್ದವರ ಹೆಸರು ಕೇಳುವವರಿಲ್ಲ. ಕೇಳದಿದ್ದರೆ ಅದು ಪ್ರತಿಭೆಯಲ್ಲದೆ ಹೋಗುತ್ತದೆಯೇ?

‘ಟ್ಯಾಲೆಂಟ್’ ಎಂದು ಈಗ ಎಲ್ಲರ ಬಾಯಲ್ಲೂ ಇರುವ ಮಾತಿಗೆ ಒಂದು ಹಳೆಯ ಅರ್ಥ ಇದೆ. ಪ್ರಾಚೀನ ಗ್ರೀಕರಲ್ಲಿ ಅದು ಬೆಳ್ಳಿ ಬಂಗಾರ ತೂಗುವ ಒಂದು ತೂಕ, ಅಷ್ಟು ತೂಕದ ಹಣ. ಏಸು ಹೇಳಿದ ನೀತಿಕತೆಯೊಂದರಲ್ಲಿ ಊರಿಗೆ ಹೊರಟ ಒಡೆಯ ತನ್ನ ಆಳುಗಳಿಗೆ ಐದು, ಎರಡು, ಒಂದು ಎಂದು ಆ ಗಂಟುಗಳನ್ನು ಒಪ್ಪಿಸಿ ಹೋಗುತ್ತಾನೆ. ಇಬ್ಬರು ದುಡಿಸಿ ಇಮ್ಮಡಿ ಮಾಡುತ್ತಾರೆ, ಮೂರನೆಯವನು ಹೆದರಿ ನೆಲದಲ್ಲಿ ಹೂತಿಡುತ್ತಾನೆ. ಪ್ರವಚನಗಳಲ್ಲಿ ಈ ಕತೆ ಹೇಳುವವರು ಹೂತಿಟ್ಟವನನ್ನೇ ಬೈಯುತ್ತಾರೆ. ನಾನು ಕಂಡ ಹೆಚ್ಚಿನವರು ಹೂತಿಟ್ಟವರಲ್ಲ. ಗಂಟು ದಿನವೂ ಸೊಂಟದಲ್ಲೇ ಇದೆ, ಅದು ಗಂಟು ಎಂದು ಅವರಿಗೆ ಯಾರೂ ಹೇಳಿಲ್ಲ. ನೀವು ಆ ಪೈಕಿ.

ಒಂದು ಸಾಲು ಓದಿ ಇಷ್ಟು ಖಡಾಖಂಡಿತ ಹೇಳಬಹುದೇ ಎಂದು ನೀವು ಕೇಳಬಹುದು, ಕೇಳಲೂಬೇಕು. ಅದಕ್ಕೇ ನೀವೇ ಪರೀಕ್ಷಿಸಿ ನೋಡುವ ದಾರಿ ಹೇಳುತ್ತೇನೆ. ಕಣ್ಣು ಮುಚ್ಚಿ ‘ನನ್ನೊಳಗೆ ಏನಿದೆ’ ಎಂದು ಹುಡುಕಬೇಡಿ. ಹಾಗೆ ಹುಡುಕಿದವರಿಗೆ ಹೆಚ್ಚಾಗಿ ಸಿಗುವುದು ಇನ್ನೊಬ್ಬರನ್ನು ನೋಡಿ ಆಸೆಪಟ್ಟದ್ದು. ನಿಮ್ಮ ಸಂಗೀತದ ಪಾಠ ಬಹುಶಃ ಅಕ್ಕನನ್ನು ನೋಡಿ ಬಂದ ಆಸೆ. ಹಾಡು ಇಷ್ಟವಾಗಿದ್ದರೆ ಒಲೆಯ ಮುಂದೆ, ದೇವರ ಮುಂದೆ ಹಾಡಿಕೊಳ್ಳಿ, ಶ್ರುತಿ ಕೂಡದಿದ್ದರೂ ದೇವರು ಬೇಡ ಎನ್ನುವುದಿಲ್ಲ. ಪ್ರೀತಿಸಿದ್ದೆಲ್ಲ ಪ್ರತಿಭೆಯಾಗಬೇಕಿಲ್ಲ.

ಹುಡುಕುವುದಾದರೆ ಹೊರಗೆ ಹುಡುಕಿ. ಕರೆಯದೆ ಜನ ಯಾವ ಕೆಲಸ ತಂದು ನಿಮ್ಮ ಮುಂದೆ ಇಡುತ್ತಾರೆ? ‘ನೀನೊಂದು ಸಲ ನೋಡಿಬಿಡು’ ಎನ್ನುವುದು ಯಾವ ವಿಷಯಕ್ಕೆ? ಇದು ಮೊದಲ ಗುರುತು. ಎರಡನೆಯದು ಇದಕ್ಕಿಂತ ನಂಬಿಕಸ್ಥ ಎಂದು ನನ್ನ ಅನುಭವ: ಬೇರೆಯವರು ಕೆಟ್ಟದಾಗಿ ಮಾಡಿದರೆ ಯಾವ ಕೆಲಸ ನಿಮಗೆ ಸಹಿಸಲಾಗುವುದಿಲ್ಲ? ಶ್ರುತಿಜ್ಞಾನ ಇರುವವರಿಗೆ ಅಪಸ್ವರ ಮೈಗೆ ಚುಚ್ಚುತ್ತದೆ. ದರ್ಜಿಯ ಕಣ್ಣಿರುವವರು ಬಸ್ಸಿನಲ್ಲಿ ಎದುರು ಕೂತವರ ಭುಜದ ಹೊಲಿಗೆ ನೋಡಿ ಒದ್ದಾಡುತ್ತಾರೆ. ನೀವು ಊಟಕ್ಕಷ್ಟೇ ಹೋದ ಯಾವುದೋ ಮದುವೆಯಲ್ಲಿ ಪಲ್ಯ ಚರಂಡಿಗೆ ಹೋಗುವುದನ್ನೋ, ಮೂರನೇ ಪಂಕ್ತಿಗೆ ಸಾರು ನೀರಾದದ್ದನ್ನೋ ನೋಡಿ ಕೈ ತುರಿಸಿದ್ದು, ಒಳಗೆ ಹೋಗಿ ಸರಿಮಾಡಿಬಿಡಲೇ ಎನಿಸಿದ್ದು ಉಂಟೇ? ಉಂಟಾದರೆ ಮುಂದೆ ಓದಿ. ಇಲ್ಲ, ಅದರ ಕಡೆ ಗಮನವೇ ಹೋಗಲಿಲ್ಲ ಎಂದಾದರೆ ನನ್ನ ಊಹೆ ತಪ್ಪು, ನೀವು ಬರೀ ಕರ್ತವ್ಯಕ್ಕೆ ಕಟ್ಟುಬಿದ್ದು ಆ ಕೆಲಸ ಮಾಡುತ್ತಿದ್ದೀರಿ. ಆಗ ಹುಡುಕಾಟ ಬೇರೆ ಕಡೆ, ಬಹುಶಃ ಅಂಗಡಿಯ ಲೆಕ್ಕದಲ್ಲೇ, ಮುಂದುವರಿಯಬೇಕು.

ಇನ್ನೊಂದು ಗುರುತು ಕಲಿಕೆಯ ವೇಗ. ಇವತ್ತು ಎಷ್ಟು ಚೆನ್ನಾಗಿ ಬರುತ್ತದೆ ಎನ್ನುವುದಕ್ಕಿಂತ, ಮೊದಲ ಸಲ ಮಾಡಿದ ತಪ್ಪು ಎರಡನೇ ಸಲಕ್ಕೆ ಎಷ್ಟು ಕರಗಿತು ಎನ್ನುವುದನ್ನು ನೋಡಬೇಕು. ಆರು ತಿಂಗಳಾದರೂ ಶ್ರುತಿ ಇದ್ದಲ್ಲೇ ಇತ್ತು ಎಂದಿರಿ. ಉಗ್ರಾಣದಲ್ಲಿ ನಿಮ್ಮ ಮೊದಲ ಮದುವೆಗೂ ಮೂರನೆಯದಕ್ಕೂ ಎಷ್ಟು ವ್ಯತ್ಯಾಸ ಇತ್ತು, ನೆನಪು ಮಾಡಿಕೊಳ್ಳಿ.

ಸುಲಭವಾಗಿ ಬಂದದ್ದನ್ನು ನಾವು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ, ತೊಂದರೆ ಇರುವುದು ಅಲ್ಲಿ. ಹೆಣ್ಣುಮಕ್ಕಳ ವಿಷಯದಲ್ಲಂತೂ ಮನೆಯವರೂ ಹಿಡಿಯುವುದಿಲ್ಲ. ಗಂಡಸು ಮಾಡಿದರೆ ವಿದ್ಯೆ, ಹೆಂಗಸು ಮಾಡಿದರೆ ಮನೆಗೆಲಸ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ಕೇಳಿರುತ್ತೀರಿ. ಅಕ್ಷರ ಕಲಿಯದ ಆಕೆಯ ನೆನಪಿನಲ್ಲಿ ಸಾವಿರಾರು ಪದಗಳು, ಅಂದರೆ ಹಾಡುಗಳು, ಇದ್ದವು. ಜಾನಪದ ವಿದ್ವಾಂಸರು ಹಟ್ಟಿಗೆ ಹೋಗಿ ಎದುರು ಕೂತು ಕೇಳಿದ ಮೇಲೆ ನಾಡಿಗೆ ಗೊತ್ತಾಯಿತು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಕರೆದು ಗೌರವಿಸಿತು. ಯಾರೂ ಹೋಗಿ ಕೇಳದಿದ್ದರೂ ಆ ಪದಗಳು ಅಷ್ಟೇ ಇರುತ್ತಿದ್ದವು. ಅಂಥ ಎಷ್ಟು ಅಜ್ಜಿಯರು ಕೇಳುವವರಿಲ್ಲದೆ ಹೋಗಿಬಿಟ್ಟರೋ ಎಂದು ಯೋಚಿಸಿದರೆ ಹೊಟ್ಟೆ ಚುರುಕ್ಕೆನ್ನುತ್ತದೆ.

ಈಗ ದೇವರು ಕೊಟ್ಟದ್ದು ಎಂಬ ಮಾತಿಗೆ ಬರೋಣ. ಕೊಟ್ಟದ್ದು ಎಷ್ಟು, ನಾವು ಬೆಳೆಸಿದ್ದು ಎಷ್ಟು? ನಮ್ಮ ಅಲಂಕಾರಶಾಸ್ತ್ರದವರು ಕವಿಗೆ ಮೂರು ಬೇಕೆಂದರು: ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ. ಹುಟ್ಟಿನಿಂದ ಬಂದದ್ದು, ಲೋಕವನ್ನೂ ಶಾಸ್ತ್ರವನ್ನೂ ನೋಡಿ ತಿಳಿದದ್ದು, ದಿನವೂ ತಿದ್ದಿದ್ದು. ಇಂದಿನ ಸಂಶೋಧನೆ ಸುತ್ತಿ ಸುತ್ತಿ ಇದರ ಹತ್ತಿರಕ್ಕೇ ಬರುತ್ತಿದೆ. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಅಭ್ಯಸಿಸಿ 1993ರಲ್ಲಿ ಬರೆದರು. ಅತ್ಯುತ್ತಮರು 20ನೇ ವಯಸ್ಸಿಗೆ ಸರಾಸರಿ 10,000 ಗಂಟೆ ಒಬ್ಬರೇ ಕೂತು ಅಭ್ಯಾಸ ಮಾಡಿದ್ದರು. ಇದನ್ನು ಹಿಡಿದುಕೊಂಡು ‘ಹತ್ತು ಸಾವಿರ ಗಂಟೆ ಮಾಡಿದರೆ ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು’ ಎಂದು ಭಾಷಣ ಮಾಡುವವರು ಹುಟ್ಟಿಕೊಂಡರು. ಅಧ್ಯಯನ ಹಾಗೆ ಹೇಳಿಯೇ ಇಲ್ಲ. 2014ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದವರಿಗೆ, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಅಭ್ಯಾಸದ ಪಾಲು ಸಂಗೀತದಲ್ಲಿ ಶೇ 21, ಆಟೋಟದಲ್ಲಿ ಶೇ 18 ಎಂದು ಕಂಡಿತು. ಉಳಿದದ್ದರಲ್ಲಿ ಮೈಕಟ್ಟು, ಮನೆ, ಗುರು, ಶುರುಮಾಡಿದ ವಯಸ್ಸು, ಅದೃಷ್ಟ, ಹುಟ್ಟುಗುಣ ಎಲ್ಲ ಸೇರಿಕೊಂಡಿವೆ. ನನ್ನ ತೀರ್ಮಾನ ಇಷ್ಟು. ಕೊಟ್ಟದ್ದು ಬೀಜ ಎನ್ನುವುದು ನಿಜ, ಬೇವಿನ ಬೀಜ ಬಿತ್ತಿ ಮಾವಿಗೆ ಕಾಯಬಾರದು. ಆದರೆ ಬೇವಿಗೂ ನೀರು ಬೇಕು.

ನಿಮ್ಮ ಊರಿನವರೇ ಒಬ್ಬರಿದ್ದಾರೆ, ಆಟೋ ಚಾಲಕರ ಮಗ, ಕ್ರಿಕೆಟ್ ಬೌಲರ್ ವಿನಯ್ ಕುಮಾರ್. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಕರೆದರೂ ಅವರದು ಬೆಚ್ಚಿ ಬೀಳಿಸುವ ವೇಗವಲ್ಲ. ವೇಗ ಸಾಲದು ಎಂಬ ಟೀಕೆಯನ್ನು ಅವರು ವರ್ಷಗಟ್ಟಲೆ ಕೇಳಿದರು. ತನಗೆ ಕೊಡದೇ ಇದ್ದದ್ದರ ಹಿಂದೆ ಓಡುವ ಬದಲು ಕೊಟ್ಟದ್ದನ್ನು, ಅಂದರೆ ಚೆಂಡನ್ನು ಹೊರಳಿಸುವ ಮಣಿಕಟ್ಟನ್ನೂ ಗಂಟೆಗಟ್ಟಲೆ ಒಂದೇ ಜಾಗಕ್ಕೆ ಹಾಕುವ ತಾಳ್ಮೆಯನ್ನೂ ತಿದ್ದುತ್ತಾ ಹೋದರು. ಭಾರತಕ್ಕೆ ಆಡಿದರು, ನಾಯಕರಾಗಿ 2013-14 ಮತ್ತು 2014-15 ಸತತ ಎರಡು ಸಲ ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದರು. ಆ ಎರಡನೇ ಫೈನಲ್ಲಿನಲ್ಲಿ ತಮಿಳುನಾಡಿನ ಐದು ವಿಕೆಟ್ ಕಿತ್ತು, ಶತಕವನ್ನೂ ಹೊಡೆದರು. ನಾನು ಕ್ರಿಕೆಟ್ ಹೆಚ್ಚು ನೋಡುವುದಿಲ್ಲ, ಆ ಪಂದ್ಯವನ್ನು ಮಾತ್ರ ಕೂತು ನೋಡಿದ್ದೆ.

ತಡವಾಯಿತೇ ಎಂದು ಕೇಳಿದ್ದೀರಿ. ಕೆಲವಕ್ಕೆ ತಡವಾಗುತ್ತದೆ, ಸುಳ್ಳು ಹೇಳಿ ಏನು ಉಪಯೋಗ. 38ಕ್ಕೆ ಜಿಮ್ನಾಸ್ಟಿಕ್ಸ್ ಶುರುಮಾಡಲಾಗದು. ಮೈ ಬಳುಕಬೇಕಾದ ವಿದ್ಯೆಗಳಿಗೆ ವಯಸ್ಸಿನ ಗಡಿ ಇದೆ. ಅಂದಾಜು, ವಿವೇಕ, ಜನರನ್ನು ನಿಭಾಯಿಸುವುದು, ಕಲಿಸುವುದು, ರುಚಿ ತಿಳಿಯುವುದು, ಇವು ನಲವತ್ತರ ಮೇಲೇ ಹದಕ್ಕೆ ಬರುವಂಥವು. ಹಿರಿಯೂರಿನ ಮಾರಿಕಣಿವೆಯನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿಸಿದ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳಾದ ಮೇಲೆ. ಆ ದಿನಗಳಲ್ಲಿ ಊರೂರಿನಿಂದ ಬುತ್ತಿ ಕಟ್ಟಿಕೊಂಡು ನೋಡಲು ಹೋದ ಜನರಲ್ಲಿ ನಾನೂ ಒಬ್ಬಳು. ಆ ವರ್ಷ ಮಳೆ ಚೆನ್ನಾಗಿತ್ತು, ಜೊತೆಗೆ ಭದ್ರೆಯ ನೀರನ್ನೂ ತಂದು ಹರಿಸಿದ್ದರು. ಮಳೆಯೊಂದನ್ನೇ ನೆಚ್ಚಿದ್ದರೆ ಇನ್ನೆಷ್ಟು ಕಾಯಬೇಕಿತ್ತೋ. ನಿಮಗೂ ಹೊರಗಿನ ನೀರು ಬೇಕು.

ಎಲ್ಲಿಂದ ತರುವುದು? ಮೊದಲು ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ನೀವು ಲೆಕ್ಕ ಬರೆಯುವವರು, ಆದರೆ ಉಗ್ರಾಣದ ಲೆಕ್ಕವನ್ನು ಎಂದೂ ಬರೆದಿಡದೆ ತಲೆಯಲ್ಲೇ ಹೊತ್ತು ತಿರುಗಿರುತ್ತೀರಿ ಎಂದು ನನ್ನ ಊಹೆ. ತಲೆಯಲ್ಲಿರುವುದು ಬೆಳೆಯುವುದಿಲ್ಲ, ತನ್ನ ತಪ್ಪನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮುಂದಿನ ತಿಂಗಳ ಮದುವೆಗೆ ಒಂದು ವಾರ ಮೊದಲೇ, ಯಾರನ್ನೂ ಕೇಳದೆ, ನಿಮ್ಮ ಅಂದಾಜು ಬರೆಯಿರಿ: ಎಷ್ಟು ಎಲೆ, ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಎಣ್ಣೆ, ಎಷ್ಟು ಹೊತ್ತಿಗೆ ಯಾವ ಪಂಕ್ತಿ. ಮದುವೆಯ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಎದುರಿನ ಪುಟದಲ್ಲಿ ನಡೆದದ್ದನ್ನು ಬರೆಯಿರಿ. ಎರಡು ಪುಟಗಳ ನಡುವಿನ ಅಂತರವೇ ನಿಮ್ಮ ಗುರು. ಎರಿಕ್ಸನ್ ಹೇಳಿದ ಅಭ್ಯಾಸದ ತಿರುಳೂ ಇದೇ. ಗಂಟೆ ಎಷ್ಟು ಎನ್ನುವುದಕ್ಕಿಂತ, ತಪ್ಪು ಎಲ್ಲಾಯಿತೆಂದು ತಕ್ಷಣ ಗೊತ್ತಾಗಿ ಅದನ್ನೇ ಹಿಡಿದು ಮತ್ತೆ ಮಾಡಿದ್ದು ಎಷ್ಟು ಎನ್ನುವುದು ಮುಖ್ಯ. ಇಪ್ಪತ್ತು ವರ್ಷ ಒಂದೇ ಥರ ಅಡುಗೆ ಮಾಡಿದವರಿಗೆ ಇಪ್ಪತ್ತು ವರ್ಷದ ಅನುಭವ ಇರುತ್ತದೆ ಎಂದೇನಿಲ್ಲ, ಒಂದು ವರ್ಷದ ಅನುಭವ ಇಪ್ಪತ್ತು ಸಲ ಇರಬಹುದು.

ಆಮೇಲೆ ನಿಮಗಿಂತ ಬಲ್ಲವರ ಪಕ್ಕ ನಿಲ್ಲಿ. ಸಾವಿರ ಎಲೆಯ ಅಡುಗೆ ಮಾಡಿಸಿದ ಹಿರಿಯ ಭಟ್ಟರೋ ಅಡುಗೆಯ ಗುತ್ತಿಗೆದಾರರೋ ದಾವಣಗೆರೆಯಲ್ಲಿ ಎಷ್ಟು ಜನ ಬೇಕು! ಅವರಲ್ಲಿ ಒಬ್ಬರ ಹತ್ತಿರ ಹೋಗಿ, ನಿಮ್ಮ ಎರಡು ಪುಟ ತೋರಿಸಿ, ‘ಇಲ್ಲಿ ಯಾಕೆ ತಪ್ಪಿತು ನೋಡಿ ಅಣ್ಣಾ’ ಎನ್ನಿ. ಬರಿಗೈಲಿ ಹೋಗಿ ‘ಕಲಿಸಿ’ ಎಂದರೆ ಕಲಿಸುವುದಿಲ್ಲ, ತಪ್ಪು ಹಿಡಿದುಕೊಂಡು ಹೋದವರನ್ನು ಬಲ್ಲವರು ವಾಪಸ್ಸು ಕಳಿಸುವುದಿಲ್ಲ. ಮೂರನೆಯದಾಗಿ, ನಂಟರ ಮನೆಯಾಚೆಗೆ ಒಂದು ಸಣ್ಣ ಕೆಲಸ ಒಪ್ಪಿಕೊಳ್ಳಿ, ನಿಮ್ಮ ಪರಿಚಯ ಇಲ್ಲದವರ ನಾಮಕರಣವೋ ನೂರೈವತ್ತು ಜನರ ಸೀಮಂತವೋ. ದುಡ್ಡು ತೆಗೆದುಕೊಳ್ಳಿ, ಎಷ್ಟೇ ಕಡಿಮೆಯಾದರೂ ಸರಿ. ನಂಟರು ‘ಚೆನ್ನಾಗಿತ್ತು’ ಎಂದರೆ ಅದರಲ್ಲಿ ಪ್ರೀತಿ ಎಷ್ಟು ನಿಜ ಎಷ್ಟು ಎಂದು ಗೊತ್ತಾಗುವುದಿಲ್ಲ. ಹಣ ಕೊಟ್ಟವರು ನಿಜ ಹೇಳುತ್ತಾರೆ.

ಅಂಗಡಿಯ ಕೆಲಸ ಬಿಡಬೇಡಿ. ಸಾಲ ಮಾಡಿ ಪಾತ್ರೆ ಪರಡಿ ಕೊಳ್ಳಬೇಡಿ. ಪ್ರತಿಭೆ ಗೊತ್ತಾದ ಹುಮ್ಮಸ್ಸಿನಲ್ಲಿ ಮನೆ ಒತ್ತೆಯಿಟ್ಟು, ಮೊದಲ ಪೆಟ್ಟಿಗೇ ಎದೆಗುಂದಿ, ಇದ್ದ ವಿದ್ಯೆಯನ್ನೂ ದ್ವೇಷಿಸಿದವರನ್ನು ನಾನು ನೋಡಿದ್ದೇನೆ. ಕ್ರಮವಾಗಿ ಕಲಿಯುವ ಮನಸ್ಸಾದರೆ ಚಿತ್ರದುರ್ಗದಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಈ ಸಂಸ್ಥೆ ಸ್ವಂತ ಉದ್ಯೋಗ ಮಾಡುವವರಿಗೆ ಊಟ ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ. ಯಾವ ತರಬೇತಿ ಯಾವಾಗ ಎಂದು ಮೊದಲು ವಿಚಾರಿಸಿಕೊಂಡು ಹೋಗಿ. ಅಲ್ಲಿ ಅಡುಗೆಗಿಂತ ಬೆಲೆ ಕಟ್ಟುವುದು, ಬ್ಯಾಂಕಿನ ವ್ಯವಹಾರ, ಗಿರಾಕಿಯ ಜೊತೆ ಮಾತು ಇವನ್ನು ಕಲಿತು ಬನ್ನಿ, ನಿಮಗೆ ಕೊರತೆ ಇರುವುದು ಅದರಲ್ಲೇ.

ನಿಮ್ಮ ಊರಿನ ಬೆಣ್ಣೆದೋಸೆಯ ಕತೆಯನ್ನು ಹಿರಿಯರು ಹೇಳುವುದು ಹೀಗೆ: 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ನಾಟಕದ ಥಿಯೇಟರಿನ ಹತ್ತಿರ ರಾಗಿ ದೋಸೆ ಹಾಕಿ ಮಾರುತ್ತಿದ್ದರು. ಮಕ್ಕಳು ಕೈಗೆ ಬಂದ ಮೇಲೆ ಹಿಟ್ಟು ರಾಗಿಯಿಂದ ಅಕ್ಕಿಗೆ ತಿರುಗಿತು, ಮೇಲೆ ಬೆಣ್ಣೆ ಬಿತ್ತು. ಆ ತಾಯಿಗೆ ತನ್ನ ಪ್ರತಿಭೆ ಯಾವುದೆಂದು ಯೋಚಿಸುತ್ತಾ ಕೂರಲು ಪುರುಸೊತ್ತೆಲ್ಲಿತ್ತು? ಕೈಗೆ ಗೊತ್ತಿದ್ದದ್ದನ್ನು ಹಸಿದವರ ಮುಂದೆ ಇಟ್ಟರು. ಮಿಕ್ಕದ್ದನ್ನು ತಿಂದವರ ನಾಲಿಗೆ ತಿದ್ದಿತು.

ಇನ್ನು ಮಗಳ ಮಾತು. ಮೂರರಲ್ಲಿ ಎರಡನ್ನು ನಿಲ್ಲಿಸಿ. ಯಾವುದನ್ನು ಉಳಿಸಬೇಕೆಂದು ಅವಳನ್ನೇ ಕೇಳಿ. ಮೂರೂ ಬೇಡ ಎಂದರೂ ಗಾಬರಿಯಾಗಬೇಡಿ, ಖಾಲಿ ಸಂಜೆಯಲ್ಲಿ ಮಗು ತಾನಾಗಿ ಯಾವುದಕ್ಕೆ ಕೈ ಹಾಕುತ್ತದೆ ಎಂದು ಎರಡು ತಿಂಗಳು ಸುಮ್ಮನೆ ನೋಡಿ. ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಅವರ ತಂಡ ಅಮೆರಿಕದಲ್ಲಿ ಪಿಯಾನೊ ವಾದಕರು, ಶಿಲ್ಪಿಗಳು, ಒಲಿಂಪಿಕ್ ಈಜುಗಾರರು, ಗಣಿತಜ್ಞರು ಹೀಗೆ ಎತ್ತರಕ್ಕೇರಿದ 120 ಜನರ ಬಾಲ್ಯವನ್ನು ಕೆದಕಿ 1985ರಲ್ಲಿ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಬಾಲಪ್ರತಿಭೆಗಳೇನೂ ಆಗಿರಲಿಲ್ಲ. ಅವರ ಮೊದಲ ಗುರುಗಳು ದೊಡ್ಡ ವಿದ್ವಾಂಸರೂ ಅಲ್ಲ, ಅಕ್ಕಪಕ್ಕದ ಬೀದಿಯ ಅಕ್ಕರೆಯ ಮೇಷ್ಟ್ರುಗಳು, ಪಾಠವನ್ನು ಆಟದಂತೆ ಮಾಡಿದವರು. ಕಟ್ಟುನಿಟ್ಟು ಆಮೇಲೆ ಬಂತು. ಮನೆಯ ಗಾಳಿಯೂ ಮುಖ್ಯ. ನಿಮ್ಮ ಊರಿನ ಚಿಂದೋಡಿ ಲೀಲಾ ನಾಟಕ ಕಂಪನಿಯ ಮನೆಯಲ್ಲೇ ಕಣ್ಣು ಬಿಟ್ಟವರು, ಬಣ್ಣ ಹಾರ್ಮೋನಿಯಂ ನಡುವೆಯೇ ಬೆಳೆದವರು, 1988ರಲ್ಲಿ ಪದ್ಮಶ್ರೀ ಪಡೆದವರು. ಸಂಜೆ ಐದರಿಂದ ಆರರ ಕ್ಲಾಸಿನಲ್ಲಿ ಅದು ಬರುವುದಿಲ್ಲ.

ಬಹುಮಾನದ ಆಸೆ ಹಚ್ಚಬೇಡಿ. 1973ರಲ್ಲಿ ನಡೆದ ಒಂದು ಪ್ರಯೋಗ ನನ್ನ ಪಾಠದ ರೀತಿಯನ್ನೇ ಬದಲಿಸಿತು. ಚಿತ್ರ ಬಿಡಿಸುವುದೆಂದರೆ ಪ್ರಾಣ ಬಿಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಆಸೆ ತೋರಿಸಿದರು, ಕೊಟ್ಟರು. ಒಂದೆರಡು ವಾರ ಬಿಟ್ಟು ನೋಡಿದರೆ ಆ ಮಕ್ಕಳು ಬಣ್ಣ ಹಿಡಿಯುವ ಹೊತ್ತು ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಆಸೆ ತೋರಿಸದೆ ಕೊನೆಗೆ ಹಠಾತ್ತನೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ‘ನೀನು ಜಾಣೆ’ ಎಂದು ಹೊಗಳುವುದಕ್ಕಿಂತ ‘ಆ ಗೆರೆ ಮೂರು ಸಲ ಅಳಿಸಿ ತಿದ್ದಿದೆಯಲ್ಲ’ ಎನ್ನಿ. ಜಾಣೆ ಎನಿಸಿಕೊಂಡ ಮಗು ಆ ಹೆಸರು ಹೋದೀತೆಂದು ಕಷ್ಟದ ಕೆಲಸಕ್ಕೆ ಕೈ ಹಾಕುವುದಿಲ್ಲ.

ಇದನ್ನು ನಾನು ಕಲಿತದ್ದು ತಡವಾಗಿ, ಅದರ ಬೆಲೆ ಕೊಟ್ಟದ್ದು ಬೇರೆಯವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಎಂಟನೇ ತರಗತಿಯಲ್ಲಿ ಒಬ್ಬ ಹುಡುಗ ಪಾಠದ ಹೊತ್ತಿನಲ್ಲಿ ಸೀಮೆಸುಣ್ಣದ ಚೂರು ಕೆತ್ತುತ್ತಾ ಕೂರುತ್ತಿದ್ದ. ಬೆರಳುದ್ದದ ಬಸವ, ಆನೆ, ಬತೇರಿ. ಕೋಟೆಯ ಬುಡದಲ್ಲಿ ಬೆಳೆದ ಹುಡುಗ, ಕಲ್ಲನ್ನು ನೋಡಿಯೇ ದೊಡ್ಡವನಾದವನು. ಒಂದು ದಿನ ಸಿಟ್ಟಿನಲ್ಲಿ ಅವನ ಮೇಜಿನ ಮೇಲಿದ್ದವನ್ನೆಲ್ಲ ಬಾಚಿ ಕಿಟಕಿಯಿಂದ ಹೊರಗೆ ಎಸೆದೆ. ಅವನು ಏನೂ ಅನ್ನಲಿಲ್ಲ, ಕೈ ಕಟ್ಟಿ ಕೂತ. ಹತ್ತನೇ ತರಗತಿಗೆ ಶಾಲೆ ಬಿಟ್ಟ. ಎಷ್ಟೋ ವರ್ಷಗಳ ಮೇಲೆ ಗೂಡ್ಸ್ ಆಟೋದಲ್ಲಿ ನಮ್ಮ ಮನೆಗೆ ಸಾಮಾನು ತಂದವನು ಅವನೇ. ಸ್ಟೇರಿಂಗ್ ಮುಂದೆ ಸೋಪಿನಲ್ಲಿ ಕೆತ್ತಿದ ಒಂದು ನಂದಿ ಅಂಟಿಸಿದ್ದ, ಕಿವಿಯ ಮಡಿಕೆ ಕೂಡ ಬಿಟ್ಟಿರಲಿಲ್ಲ. ‘ಇದು ಹಳೇದು ಮಿಸ್, ಈಗ ಬಿಟ್ಟುಬಿಟ್ಟಿದ್ದೀನಿ’ ಎಂದ. ಅವನ ಮುಖದಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಮತ್ತೆ ಶುರುಮಾಡು ಎಂದು ಹೇಳಿ ಒಳ್ಳೆಯ ಉಳಿಯ ಸೆಟ್ಟೊಂದು ತರಿಸಿ ಕೊಟ್ಟೆ. ತೆಗೆದುಕೊಂಡ. ಬಳಸಿದನೋ ಇಲ್ಲವೋ, ಕೇಳುವ ಧೈರ್ಯ ಈವರೆಗೂ ಬಂದಿಲ್ಲ.

ಆದ್ದರಿಂದ ಮಗಳು ಪುಸ್ತಕದ ಅಂಚಿನಲ್ಲಿ ಏನು ಗೀಚುತ್ತಾಳೆ, ಬೈಸಿಕೊಂಡರೂ ಬಿಡದೆ ಏನು ಮಾಡುತ್ತಾಳೆ ಎಂದು ನೋಡಿ. ಉಗ್ರಾಣಕ್ಕೂ ಕರೆದುಕೊಂಡು ಹೋಗಿ. ತಾಯಿ ಒಂದು ಕೆಲಸವನ್ನು ಮನಸ್ಸಿಟ್ಟು ಮಾಡುವುದನ್ನು ಮಗು ಹತ್ತಿರದಿಂದ ನೋಡುವುದೂ ಒಂದು ಪಾಠ.

ದೇವರು ಮರೆತನೇ ಎಂದಿರಿ. ಶರಣರ ನಾಡಿನಲ್ಲಿ ಹುಟ್ಟಿದ ನಮಗೆ ಕಾಯಕ, ದಾಸೋಹ ಎಂಬ ಎರಡು ಮಾತು ಬಾಯಿಪಾಠ. ನನ್ನ ನಂಬಿಕೆ ಹೇಳುತ್ತೇನೆ, ಒಪ್ಪಲೇಬೇಕೆಂದಿಲ್ಲ. ಕೊಟ್ಟದ್ದು ನಮ್ಮ ಹೆಸರಿಗಲ್ಲ, ನಮ್ಮ ಕೈಯಿಂದ ದಾಟಿ ಹೋಗಲೆಂದು. ಅದಕ್ಕೇ ಎಷ್ಟೋ ಸಲ ಅದು ಕೊಟ್ಟವನಿಗೂ ಉಂಡವನಿಗೂ ಕಾಣುತ್ತದೆ, ಬಡಿಸಿದ ಕೈಗೆ ಕಾಣುವುದಿಲ್ಲ. ನೀವು ಅಳೆದು ಕೊಟ್ಟ ಬೇಳೆಯಲ್ಲಿ ಇದುವರೆಗೆ ಎಷ್ಟು ಸಾವಿರ ಜನ ಉಂಡರು, ಲೆಕ್ಕ ಹಾಕಿದ್ದೀರಾ? ಅಂಗಡಿಯ ಲೆಕ್ಕದ ನಡುವೆ ಒಮ್ಮೆ ಇದನ್ನೂ ಹಾಕಿ. ಆದರೆ ಫೋಟೋಕ್ಕೆ ನಿಲ್ಲುವ ನಿಮ್ಮ ಆಸೆಯನ್ನು ನಾನು ಸಣ್ಣದೆನ್ನುವುದಿಲ್ಲ. ಚಿಕ್ಕಪ್ಪನಿಗೆ ಈಗಲೇ ಹೇಳಿಬಿಡಿ, ‘ಉಗ್ರಾಣ ನಾನು ನೋಡಿಕೊಳ್ಳುತ್ತೇನೆ, ಧಾರೆಯ ಹೊತ್ತಿಗೆ ಅರ್ಧ ಗಂಟೆ ಬೀಗ ಹಾಕಿ ಹೊರಗೆ ಬರುತ್ತೇನೆ, ನನ್ನನ್ನು ಬಿಟ್ಟು ಫೋಟೋ ತೆಗೆಯಬೇಡಿ’ ಎಂದು.

ಮದುವೆ ಮುಗಿದ ಮೇಲೆ ಆ ಎರಡು ಪುಟ ನನಗೆ ಕಳಿಸಿ. ಅಂದಾಜಿನದೂ ನಡೆದದ್ದರದೂ ಪಕ್ಕಪಕ್ಕ ಇಟ್ಟುಕೊಂಡು ಓದಬೇಕು. ಎಣ್ಣೆಯ ಲೆಕ್ಕ ಎಲ್ಲರಿಗೂ ತಪ್ಪುತ್ತದೆ, ಅದನ್ನು ಮಾತ್ರ ತಿದ್ದದೆ ಇದ್ದ ಹಾಗೇ ಬರೆಯಿರಿ.